ದಾಸನೇ ಬರೆಸಿದ ದಾಸ್ಯಪತ್ರ

1869ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಒಂದು ಕರಾರುಪತ್ರ ಯುರೋಪಿನ ಸಾಹಿತ್ಯ ಚರಿತ್ರೆಯಲ್ಲಿ ಉಳಿದುಬಂದಿದೆ. ಬರೆದುಕೊಟ್ಟವನು ಆಸ್ಟ್ರಿಯಾದ ಕಾದಂಬರಿಕಾರ ಲಿಯೋಪೋಲ್ಡ್ ಫಾನ್ ಸಾಖರ್-ಮಾಸೋಖ್. ಬರೆಸಿಕೊಂಡವಳು ಫ್ಯಾನಿ ಪಿಸ್ಟರ್. ಆರು ತಿಂಗಳ ಮಟ್ಟಿಗೆ ತಾನು ಆಕೆಯ ದಾಸನಾಗಿರುತ್ತೇನೆ, ಆಕೆಯ ಇಷ್ಟವನ್ನೆಲ್ಲ ನಡೆಸಿಕೊಡುತ್ತೇನೆ, ತಪ್ಪಿದರೆ ಆಕೆ ಮನಸ್ಸು ಬಂದಂತೆ ಶಿಕ್ಷಿಸಬಹುದು ಎಂದು ಅವನು ಅದರಲ್ಲಿ ಮಾತು ಕೊಡುತ್ತಾನೆ. ಇಷ್ಟನ್ನೇ ಓದಿ ಕಾಗದ ಮಡಚಿಟ್ಟರೆ ಅದೊಂದು ವಿಚಿತ್ರ ಮನಸ್ಸಿನ ವಿಚಿತ್ರ ದಾಖಲೆಯಾಗಿ ಮಾತ್ರ ಕಂಡೀತು. ಉಳಿದ ಕಲಮುಗಳನ್ನೂ ಓದಬೇಕು. ದಾಸನಿಗೆ ದಿನಕ್ಕೆ ಆರು ಗಂಟೆ ಅವನ ಸ್ವಂತ ಕೆಲಸಕ್ಕೆ ಬಿಡಬೇಕು. ಅವನ ಕಾಗದಪತ್ರ, ಬರವಣಿಗೆಗಳನ್ನು ಯಜಮಾನಿ ಯಾವತ್ತೂ ತೆರೆದು ನೋಡಕೂಡದು. ಮನುಷ್ಯನಾಗಿ, ಪ್ರಜೆಯಾಗಿ ಅವನ ಮರ್ಯಾದೆಗೆ ಕುಂದು ತರುವ ಯಾವುದನ್ನೂ ಕೇಳಕೂಡದು. ಇವುಗಳ ಜತೆಗೆ ಇನ್ನೊಂದು ಶರತ್ತು: ಯಜಮಾನಿ ಸಾಧ್ಯವಾದಾಗಲೆಲ್ಲ, ಅದರಲ್ಲೂ ಕ್ರೂರವಾಗಿ ನಡೆದುಕೊಳ್ಳುವ ಹೊತ್ತಿನಲ್ಲಿ, ತುಪ್ಪಳದ ಮೇಲಂಗಿ ತೊಟ್ಟಿರಬೇಕು. ಆರು ತಿಂಗಳು ಕಳೆದ ಮೇಲೆ ಇದೆಲ್ಲ ನಡೆದೇ ಇಲ್ಲವೆಂಬಂತೆ ಮರೆತು ಹಿಂದಿನ ಪ್ರೀತಿಯ ಸಂಬಂಧಕ್ಕೆ ಮರಳಬೇಕೆಂದು ಮೊದಲು ಬರೆದಿದ್ದರು, ಆಮೇಲೆ ಅದನ್ನು ಹೊಡೆದುಹಾಕಿದರು. ಆರು ತಿಂಗಳು ಒಂದೇ ಸಮನೆ ಸಾಗಬೇಕೆಂದೇನೂ ಇಲ್ಲ, ನಡುನಡುವೆ ಬಿಡುವು ಕೊಡಬಹುದು, ಯಾವಾಗ ಎಂಬುದು ಯಜಮಾನಿಯ ಮರ್ಜಿ ಎಂದೂ ಸೇರಿಸಿದರು.

ಯಜಮಾನಿ ಏನು ತೊಡಬೇಕೆಂದು ದಾಸ್ಯಪತ್ರವೇ ವಿಧಿಸುತ್ತದೆ ಎಂದಾಗ ಆ ಪತ್ರ ಯಾರ ಆಸೆಯಿಂದ ಹುಟ್ಟಿತೆಂದು ಬೇರೆ ಸಾಕ್ಷಿ ಬೇಕಿಲ್ಲ. ಬರವಣಿಗೆಯಿಂದ ಹೊಟ್ಟೆ ಹೊರೆಯುವವನಿಗಲ್ಲದೆ ಆರು ಗಂಟೆಯ ಬಿಡುವಿನ ಕಲಮು ಮತ್ತಾರಿಗೂ ಹೊಳೆಯುವಂಥದ್ದಲ್ಲ. ಒಪ್ಪಿಗೆಯಿಂದ ಒಬ್ಬರು ಆಳುವ, ಇನ್ನೊಬ್ಬರು ಆಳಿಸಿಕೊಳ್ಳುವ ಸಂಬಂಧಗಳಲ್ಲಿ ಕರಾರು ಬರೆದುಕೊಳ್ಳುವ ಪದ್ಧತಿಗೆ ಈಗ ಒಂದೂವರೆ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯನ್ನು ಸಾಮಾನ್ಯವಾಗಿ ಶರಣಾಗತಿಯ ಚರಿತ್ರೆಯೆಂದು ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಈ ಕಾಗದಗಳಲ್ಲಿ ಒಪ್ಪಿಸಿಕೊಟ್ಟದ್ದಕ್ಕಿಂತ ಕೊಡದೆ ಉಳಿಸಿಕೊಂಡದ್ದೇ ಮುಖ್ಯ. ವಾಯಿದೆ ಎಷ್ಟು, ಎಲ್ಲಿಗೆ ನಿಲ್ಲಬೇಕು, ಬಿಡಿಸಿಕೊಳ್ಳುವ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವ ಪತ್ರ ಎರಡೂ ಕಡೆಯವರನ್ನು ಕಾದಿದೆ. ಉತ್ತರವಿಲ್ಲದ ಪತ್ರದಿಂದ ಕೆಡುಕಾದದ್ದೂ ಉಂಟು, ಅದರಲ್ಲೂ ಕಾಗದದ ಮೇಲೆ ಯಜಮಾನಿ ಎನಿಸಿಕೊಂಡವಳಿಗೇ.

ಸಾಖರ್-ಮಾಸೋಖ್ ಕಾನೂನು ಅರಿಯದವನಲ್ಲ. ಅವನು ಹುಟ್ಟಿದ್ದು 1836ರಲ್ಲಿ, ಗಲೀಷಿಯಾ ಪ್ರಾಂತ್ಯದ ಲೆಂಬರ್ಗ್‌ನಲ್ಲಿ. ಇವತ್ತಿನ ಉಕ್ರೇನಿನ ಲ್ವಿವ್ ನಗರ ಅದು. ತಂದೆ ಅಲ್ಲಿನ ಪೊಲೀಸ್ ಮುಖ್ಯಸ್ಥ. 1846ರಲ್ಲಿ ಗಲೀಷಿಯಾದ ರೈತರು ಜಮೀನ್ದಾರರ ಮೇಲೆ ತಿರುಗಿಬಿದ್ದು ನಡೆಸಿದ ಕೊಲೆಗಳ ಕಾಲಕ್ಕೆ ಅವನಿಗೆ ಹತ್ತು ವರ್ಷ. ಆ ಪ್ರಾಂತ್ಯದಲ್ಲಿ ಬಿಟ್ಟಿ ದುಡಿಮೆಯ ರೈತದಾಸ್ಯ ರದ್ದಾದ 1848ರಲ್ಲಿ ಹನ್ನೆರಡು. ಮುಂದೆ ಗ್ರಾಟ್ಸ್‌ನಲ್ಲಿ ಓದಿ ಅಲ್ಲಿಯೇ ಚರಿತ್ರೆ ಪಾಠ ಹೇಳಿದ. ಮನುಷ್ಯರನ್ನು ನೆಲದ ಜತೆ ಕಟ್ಟಿಹಾಕುವ ವ್ಯವಸ್ಥೆ ಹೇಗಿರುತ್ತದೆಂದು ಅವನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. 1811ರ ಆಸ್ಟ್ರಿಯನ್ ನಾಗರಿಕ ಸಂಹಿತೆಯ 16ನೇ ಕಲಮು ಪ್ರತಿಯೊಬ್ಬ ಮನುಷ್ಯನಿಗೂ ಹುಟ್ಟಿನಿಂದಲೇ ಹಕ್ಕುಗಳಿವೆ, ಈ ನಾಡಿನಲ್ಲಿ ಗುಲಾಮಗಿರಿಗೆ ಎಡೆಯಿಲ್ಲ ಎಂದು ಆಗಲೇ ಸಾರಿತ್ತು. ಇಂಗ್ಲೆಂಡಿನಲ್ಲಿ ಜಾನ್ ಸ್ಟುವರ್ಟ್ ಮಿಲ್ 1859ರ ತನ್ನ ಸ್ವಾತಂತ್ರ್ಯ ಕುರಿತ ಗ್ರಂಥದಲ್ಲಿ, ಯಾರಾದರೂ ತನ್ನನ್ನು ತಾನೇ ಗುಲಾಮಗಿರಿಗೆ ಮಾರಿಕೊಂಡರೆ ಆ ಒಪ್ಪಂದ ಊರ್ಜಿತವಾಗದು, ಸ್ವಾತಂತ್ರ್ಯದ ತತ್ವ ಸ್ವಾತಂತ್ರ್ಯವನ್ನೇ ಕಳೆದುಕೊಳ್ಳುವ ಸ್ವಾತಂತ್ರ್ಯ ಕೊಡದು ಎಂದು ವಾದಿಸಿದ್ದ. ಹಾಗಾಗಿ ಫ್ಯಾನಿ ಪಿಸ್ಟರ್ ಕೈಯಲ್ಲಿದ್ದ ಕಾಗದಕ್ಕೆ ಯಾವ ನ್ಯಾಯಾಲಯದಲ್ಲೂ ಕಾಸಿನ ಬೆಲೆ ಇರಲಿಲ್ಲ, ಮತ್ತು ಅದು ಇಬ್ಬರಿಗೂ ಗೊತ್ತಿತ್ತು. 1870ರಲ್ಲಿ ಬಂದ ಅವನ ‘ತುಪ್ಪಳದುಡುಗೆಯ ವೀನಸ್’ ಕಾದಂಬರಿಯಲ್ಲಿ ಇದರ ಚರ್ಚೆಯೇ ಇದೆ. ಗುಲಾಮಗಿರಿ ಇರುವ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿಬಿಡೋಣ ಎಂಬ ಮಾತು ಬಂದಾಗ ನಾಯಕಿ ವಾಂಡಾ ಒಪ್ಪುವುದಿಲ್ಲ. ಎಲ್ಲರ ಮನೆಯಲ್ಲೂ ಗುಲಾಮರಿರುವ ಊರಿನಲ್ಲಿ ಗುಲಾಮನನ್ನು ಇಟ್ಟುಕೊಳ್ಳುವುದರಲ್ಲಿ ಏನು ಹೆಚ್ಚುಗಾರಿಕೆ ಎಂಬುದು ಅವಳ ತರ್ಕ. ಕಾನೂನಿನ ಬಲವಿಲ್ಲದ ಕಡೆ, ಬರೀ ಅವನ ಮನಸ್ಸಿನ ಬಲದಿಂದ ಅವನು ತನ್ನವನಾಗಬೇಕು.

ಈ ಕರಾರಿಗೆ ಕೋರ್ಟಿನ ಬೆಂಬಲ ಇಲ್ಲದಿರುವುದನ್ನು ಅದರ ಕೊರತೆಯೆಂದು ನೋಡುವುದೇ ತಪ್ಪು. ಅಮಲ್ದಾರನ ಬಲ ಹಿಂದಿದ್ದಿದ್ದರೆ ಅದು ಬೇರೆಯೇ ವಸ್ತು, ನಿಜವಾದ ಜೀತ. ಯಾರೂ ಜಾರಿ ಮಾಡಿಸಲಾರದ ಪತ್ರವನ್ನು ಪ್ರತಿದಿನ ಮತ್ತೆ ಒಪ್ಪಬೇಕಾಗುತ್ತದೆ. ಒಪ್ಪುವುದು ನಿಂತ ದಿನ ಅದು ಸತ್ತ ಕಾಗದ. ಸಾಖರ್-ಮಾಸೋಖ್ ಫ್ಯಾನಿಯ ಜತೆ ಇಟಲಿಗೆ ಹೋದಾಗ ಗ್ರೆಗರ್ ಎಂಬ ಆಳಿನ ಹೆಸರಿನಲ್ಲಿ ಹೋದ. ಅವಳ ಕಾಲಬಳಿ ಕುಳಿತು ತೆಗೆಸಿಕೊಂಡ ಛಾಯಾಚಿತ್ರ ಇಂದಿಗೂ ಉಳಿದಿದೆ. ಆದರೆ ಆರು ಗಂಟೆಯ ಬಿಡುವು ಕರಾರಿನಲ್ಲೇ ಇತ್ತು, ಕಾದಂಬರಿ ಮರುವರ್ಷ ಅಚ್ಚಾಗಿ ಬಂತು.

ಎರಡನೆಯ ಕರಾರಿನ ಕಥೆ ಹೀಗಲ್ಲ. ಗ್ರಾಟ್ಸ್‌ನ ಬಡ ಕುಟುಂಬದ ಔರೋರಾ ರ‍್ಯೂಮೆಲಿನ್ ಎಂಬಾಕೆ ಕಾದಂಬರಿಯ ನಾಯಕಿಯ ಹೆಸರನ್ನೇ ಇಟ್ಟುಕೊಂಡು ಅವನ ಬದುಕಿಗೆ ಬಂದಳು. 1873ರಲ್ಲಿ ಮದುವೆಯಾಯಿತು. ವಾಂಡಾಳ ಹೆಸರಿನಲ್ಲಿ ಬರೆದ ಆ ಪತ್ರದಲ್ಲಿ ವಾಯಿದೆ ಇಲ್ಲ, ಬಿಡುವಿನ ಗಂಟೆಗಳಿಲ್ಲ, ಮರ್ಯಾದೆಯ ಕಲಮೂ ಇಲ್ಲ. ದಾಸ ತನ್ನತನವನ್ನು ಪೂರ್ತಿ ಬಿಟ್ಟುಕೊಡಬೇಕು, ದೇಹ ಮತ್ತು ಆತ್ಮ ಎರಡೂ ಅವಳವು. ಅವಳು ಎಷ್ಟೇ ಕ್ರೂರಿಯಾದರೂ ದೂರಬಾರದು, ಓಡಿಹೋಗುವ ಹಕ್ಕಿಲ್ಲ. ಸಂಕೋಲೆ ತಾಳಲಾರದಷ್ಟು ಭಾರವಾದರೆ ಸಾಯುವುದೊಂದೇ ದಾರಿ, ಬಿಡುಗಡೆಯೆಂಬುದಿಲ್ಲ. ಈ ಪತ್ರವನ್ನು ಓದಿದವರು ವಾಂಡಾಳನ್ನು ಭಯಂಕರ ಹೆಂಗಸೆಂದು ತಿಳಿದಾರು. 1906ರಲ್ಲಿ ಅವಳು ಪ್ರಕಟಿಸಿದ ಆತ್ಮಕಥೆ ಹೇಳುವುದು ತದ್ವಿರುದ್ಧವಾದ ಕಥೆಯನ್ನು. ತುಪ್ಪಳ ತೊಡುವುದು, ಚಾಟಿ ಹಿಡಿಯುವುದು ಅವಳ ಹೆಗಲಿಗೆ ಬಿದ್ದ ಸಂಸಾರದ ಇನ್ನೊಂದು ಕೆಲಸ. ಹಣದ ಮುಗ್ಗಟ್ಟು, ಮಕ್ಕಳು, ಅವರ ಕಾಯಿಲೆಗಳ ನಡುವೆ ಗಂಡನ ಬರವಣಿಗೆ ನಿಲ್ಲದಂತೆ ಅವನ ಆಸೆಗಳನ್ನು ಅವಳು ಸುಧಾರಿಸಬೇಕು. ಪರಪುರುಷರ ಸಂಗ ಮಾಡೆಂದು ಅವನೇ ಪೀಡಿಸುತ್ತಿದ್ದ, ತನಗೆ ಬೇಡವೆಂದರೂ ಬಿಡುತ್ತಿರಲಿಲ್ಲ ಎಂದು ಅವಳು ಬರೆಯುತ್ತಾಳೆ. ಕಾಗದದ ಪ್ರಕಾರ ಸರ್ವಾಧಿಕಾರಿಯಾದವಳಿಗೆ ‘ಇವತ್ತು ಬೇಡ’ ಎನ್ನುವ ಅಧಿಕಾರವೇ ಇರಲಿಲ್ಲ.

ಆತ್ಮಕಥೆಯನ್ನು ಹಾಗೆಯೇ ನಂಬಬಹುದೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಗಂಡನ ಪಕ್ಷದವರು ಅವಳನ್ನು ಸುಳ್ಳುಗಾರ್ತಿ ಎಂದರು. ಮುರಿದ ಮದುವೆಯ ಬಗ್ಗೆ ಒಬ್ಬರೇ ಹೇಳುವ ಮಾತನ್ನು ಅರ್ಧ ರಿಯಾಯಿತಿ ಕೊಟ್ಟು ಕೇಳುವುದು ಯಾವತ್ತೂ ಒಳ್ಳೆಯದೇ. ಆದರೆ ಇಲ್ಲಿ ಅವಳ ಮಾತಿಗೆ ಕರಾರುಗಳೇ ಬೆಂಬಲ ಕೊಡುತ್ತವೆ. ಬೇರೆ ಬೇರೆ ಹೆಂಗಸರು ರುಜು ಮಾಡಿದ ಪತ್ರಗಳಲ್ಲಿ ಅದೇ ಕಲ್ಪನೆ ಮರುಕಳಿಸಿದರೆ, ಅದು ಅವರಿಬ್ಬರಿಗೂ ಸಮಾನವಾದ ಆ ಗಂಡಸಿನದೇ ಹೊರತು ಇನ್ನಾರದು? ಫ್ರೆಂಚ್ ತತ್ವಜ್ಞಾನಿ ಜೀಲ್ ಡೆಲೂಜ್ 1967ರಲ್ಲಿ ಸಾಖರ್-ಮಾಸೋಖ್ ಬಗ್ಗೆ ಬರೆದಾಗ ಹಿಡಿದದ್ದು ಇದೇ ಎಳೆಯನ್ನು. ಹಿಂಸೆ ಕೊಡುವವಳು ಆಡುವ ಮಾತನ್ನು ಹಿಂಸೆ ಪಡೆಯುವವನೇ ಅವಳ ಬಾಯಿಗೆ ಇಟ್ಟಿದ್ದಾನೆ, ಅವಳನ್ನು ಒಲಿಸಿ, ಕಲಿಸಿ, ರುಜು ಹಾಕಿಸಿ ಆ ಪಾತ್ರಕ್ಕೆ ಸಿದ್ಧಪಡಿಸುವುದು ಅವನ ಕೆಲಸ ಎಂದು ಡೆಲೂಜ್ ತೋರಿಸಿದ. ಕ್ರೌರ್ಯದ ಕಥೆಗಳಿಗೆ ಹೆಸರಾದ ಫ್ರೆಂಚ್ ಲೇಖಕ ಸಾದ್‌ನ ಲೋಕದಲ್ಲಿ ಕರಾರಿಗೆ ಜಾಗವಿಲ್ಲ, ಅಲ್ಲಿ ಬಲಿಯಾದವರ ಒಪ್ಪಿಗೆಯೇ ಬೇಕಿಲ್ಲ. ಸಾಖರ್-ಮಾಸೋಖ್‌ನಿಗೆ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯೂ ಸಾಗದು ಎಂಬ ಅವನ ವಿಂಗಡಣೆ ಇವತ್ತಿಗೂ ಉಪಯುಕ್ತ. ಕರಾರೆಂದ ಮೇಲೆ ಕಾಲಮಿತಿ ಇರಬೇಕು, ಪರಭಾರೆ ಮಾಡಲಾಗದ ಒಂದು ಪಾಲು ಉಳಿದಿರಬೇಕು. ಆದರೆ ಈ ಕರಾರು ಹುಟ್ಟಿಸುವ ನಿಯಮ ಬೆಳೆಯುತ್ತ ಹೋಗಿ ಆ ಮಿತಿಗಳನ್ನೇ ನುಂಗುತ್ತದೆ ಎಂದೂ ಅವನು ಗಮನಿಸಿದ್ದ. ಫ್ಯಾನಿಯ ಪತ್ರದಿಂದ ವಾಂಡಾಳ ಪತ್ರಕ್ಕೆ ಬರುವಾಗ ನಡೆದದ್ದು ಅದೇ. ಡೆಲೂಜ್ ತನ್ನ ಪುಸ್ತಕದ ಕೊನೆಗೆ ಎರಡೂ ಪತ್ರಗಳನ್ನು ಅಚ್ಚು ಹಾಕಿಸಿದ್ದರಿಂದ ಓದುಗರು ತಾವೇ ಹೋಲಿಸಿ ನೋಡಬಹುದು. ಅವನ ಬರಹದಲ್ಲಿ ನನಗೆ ಕೊರತೆಯಾಗಿ ಕಾಣುವುದು ವಾಂಡಾಳ ಪಾಡು. ಆ ನಾಟಕದ ಸೊಗಸನ್ನು ಅಷ್ಟು ಬಿಡಿಸಿ ಹೇಳಿದವನು ಅದರ ಖರ್ಚು ಯಾರ ಲೆಕ್ಕಕ್ಕೆ ಬಿತ್ತೆಂದು ಹೆಚ್ಚು ವಿಚಾರಿಸಲಿಲ್ಲ.

ವಾಂಡಾಳ ಮದುವೆಯಾದ ವರ್ಷವೇ, 1873ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಮದುವೆ ಗುಟ್ಟಾಗಿ ನಡೆಯಿತು. ವರ ಆರ್ಥರ್ ಮನ್‌ಬಿ, ಸರ್ಕಾರಿ ನೌಕರ ಮತ್ತು ಕವಿ. ವಧು ಹ್ಯಾನಾ ಕಲ್ವಿಕ್, ಮನೆಗೆಲಸದಾಕೆ. ಕತ್ತಿನಲ್ಲಿ ಅವಳು ಒಂದು ಸರಪಳಿ ಹಾಕಿಕೊಂಡು ಬೀಗ ಜಡಿದಿದ್ದಳು, ಬೀಗದ ಕೈ ಇದ್ದುದು ಮನ್‌ಬಿಯ ಹತ್ತಿರ. ಇವರ ನಡುವೆ ಕರಾರುಪತ್ರ ಇರಲಿಲ್ಲ, ಆದರೆ ಬರವಣಿಗೆ ಇತ್ತು. ಎಷ್ಟು ಜತೆ ಬೂಟು ಉಜ್ಜಿದೆ, ಯಾವ ಒಲೆ ತೊಳೆದೆ, ಎಷ್ಟು ಕೊಳೆಯಾದೆ ಎಂದು ಹ್ಯಾನಾ ದಿನಚರಿ ಬರೆದು ಅವನಿಗೆ ಒಪ್ಪಿಸುತ್ತಿದ್ದಳು. ಅವಳಿಗೆ ಮದುವೆಯಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ ಎಂಬುದು ಅದೇ ದಿನಚರಿಯಿಂದ ತಿಳಿಯುತ್ತದೆ. ದುಡಿದು ತಿನ್ನುವ ತನ್ನ ಸ್ವಾತಂತ್ರ್ಯವನ್ನು ಅವಳು ಸರಪಳಿಯ ಜತೆಗೇ ಕಾಪಾಡಿಕೊಂಡಿದ್ದಳು. ಹೆಂಡತಿಯ ಸ್ಥಾನ ಅದನ್ನು ಕಿತ್ತುಕೊಳ್ಳುತ್ತದೆಂದು ಅನುಮಾನಿಸುತ್ತಿದ್ದಳು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿನ ಹಕ್ಕುಗಳು ಎಷ್ಟೆಂದು ನೆನೆದರೆ ಅವಳ ಅನುಮಾನ ವಿಚಿತ್ರವೇನಲ್ಲ. ಮನ್‌ಬಿ ತನ್ನ ಕಾಗದಗಳನ್ನು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಬಿಟ್ಟುಹೋದ, 1950ರವರೆಗೆ ಪೆಟ್ಟಿಗೆ ತೆರೆಯಕೂಡದೆಂಬ ಶರತ್ತಿನ ಮೇಲೆ.

ಕರಾರಿನ ಪದ್ಧತಿ ಒಬ್ಬ ಲೇಖಕನ ಗೀಳಿನಿಂದ ಹೊರಬಂದು ಒಂದು ಸಮುದಾಯದ ರೂಢಿಯಾದದ್ದು ಅಮೆರಿಕದಲ್ಲಿ, 1970ರ ನಂತರ. ಅದಕ್ಕೆ ಮೊದಲು ವೈದ್ಯರು ಈ ಪ್ರವೃತ್ತಿಯನ್ನು ರೋಗವೆಂದು ದಾಖಲಿಸಿಬಿಟ್ಟಿದ್ದರು. ಕ್ರಾಫ್ಟ್-ಎಬಿಂಗ್ ಎಂಬ ವೈದ್ಯ ಸಾಖರ್-ಮಾಸೋಖ್ ಇನ್ನೂ ಬದುಕಿರುವಾಗಲೇ ಅವನ ಹೆಸರನ್ನು ಆ ರೋಗಕ್ಕೆ ಅಂಟಿಸಿದ್ದ. 1971ರಲ್ಲಿ ನ್ಯೂಯಾರ್ಕಿನಲ್ಲಿ ಯೂಲೆನ್‌ಸ್ಪೀಗಲ್ ಸೊಸೈಟಿ, 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೊಸೈಟಿ ಆಫ್ ಜೇನಸ್, 1978ರಲ್ಲಿ ಅಲ್ಲಿಯೇ ಹೆಂಗಸರ ಸಾಮ್ವಾ ಎಂಬ ಕೂಟ ಹುಟ್ಟಿಕೊಂಡವು. ಈ ಕೂಟಗಳು ಮಾಡಿದ ದೊಡ್ಡ ಕೆಲಸ, ಗುಟ್ಟಿನ ಆಸೆಯನ್ನು ಮೇಜಿನ ಮೇಲಿಟ್ಟು ಮಾತಾಡುವ ವಿಷಯವಾಗಿಸಿದ್ದು. ಏನು ಬೇಕು, ಏನು ಜಪ್ಪಯ್ಯ ಎಂದರೂ ಬೇಡ, ಏನನ್ನು ನೋಡಿ ಹೇಳುತ್ತೇನೆ ಎಂದು ಮೂರು ಪಟ್ಟಿ ಮಾಡಿಕೊಳ್ಳುವ ರೂಢಿ ಬೆಳೆಯಿತು. ಆಟದಲ್ಲಿ ‘ಬೇಡ, ಬೇಡ’ ಎನ್ನುವುದು ಆಟದ ಭಾಗವೇ ಆಗಿರಬಹುದು. ಹಾಗಾಗಿ ನಿಜವಾಗಿ ನಿಲ್ಲಿಸಲು ಸಂಬಂಧವೇ ಇಲ್ಲದ ಇನ್ನೊಂದು ಪದವನ್ನು ಗೊತ್ತುಮಾಡಿಕೊಂಡರು. ಸೇಫ್‌ವರ್ಡ್ ಎನ್ನುವುದು ಅದನ್ನೇ. ಟ್ರಾಫಿಕ್ ದೀಪದ ಹಾಗೆ ಹಳದಿ ಎಂದರೆ ನಿಧಾನ, ಕೆಂಪು ಎಂದರೆ ಕೂಡಲೇ ನಿಲ್ಲಿಸು. 1980ರ ದಶಕದಲ್ಲಿ ನ್ಯೂಯಾರ್ಕಿನ ಸಲಿಂಗಿ ಪುರುಷರ ಸಂಘವೊಂದು ಸುರಕ್ಷಿತ, ಸ್ವಸ್ಥ, ಸಮ್ಮತ ಎಂಬ ಮೂರು ಮಾತುಗಳ ಸೂತ್ರವನ್ನು ಚಲಾವಣೆಗೆ ತಂದಿತು. ಇವನ್ನೆಲ್ಲ ಕಾಗದಕ್ಕಿಳಿಸಿದಾಗ ಆದದ್ದೇ ಇವತ್ತಿನ ಬಿಡಿಎಸ್‌ಎಂ (ಒಪ್ಪಿಗೆಯಿಂದ ಆಳುವ, ಆಳಿಸಿಕೊಳ್ಳುವ ಆಟ) ಕರಾರು. ಅದರ ನಮೂನೆಗಳನ್ನು ನೋಡಿದರೆ ವಾಂಡಾಳ ಪತ್ರ ತಲೆಕೆಳಗಾದಂತೆ ಕಾಣುತ್ತದೆ. ಕರಾರು ಇಷ್ಟು ತಿಂಗಳಿಗೆ, ಇಂಥ ದಿನ ಕೂತು ಮತ್ತೆ ಮಾತಾಡಬೇಕು, ಕೆಲಸ, ಮನೆಯವರು, ಆರೋಗ್ಯ, ಹಣ ಇದರ ವ್ಯಾಪ್ತಿಗೆ ಬರುವುದಿಲ್ಲ, ಯಾರು ಯಾವಾಗ ಬೇಕಾದರೂ ರದ್ದುಮಾಡಬಹುದು. ಈ ಪತ್ರಕ್ಕೆ ಕಾನೂನಿನ ಬಲವಿಲ್ಲವೆಂಬುದು ಇಬ್ಬರಿಗೂ ತಿಳಿದಿದೆ ಎಂದೂ ಹಲವರು ಬರೆಯುತ್ತಾರೆ. 2011ರಲ್ಲಿ ಬಂದ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಕಾದಂಬರಿಯಿಂದ ಇಂಥ ಕರಾರು ಮನೆಮಾತಾಯಿತು. ಅದರ ನಾಯಕಿ ಆ ಕರಾರಿಗೆ ಕೊನೆಗೂ ಸಹಿ ಹಾಕುವುದಿಲ್ಲ ಎಂಬುದನ್ನು ಪುಸ್ತಕ ಬೈಯುವವರಲ್ಲಿ ಬಹಳ ಜನ ಮರೆಯುತ್ತಾರೆ.

ಪ್ರೀತಿಯಿದ್ದ ಕಡೆ ಕಾಗದ ಯಾಕೆ, ನಂಬಿಕೆ ಇಲ್ಲದಿದ್ದರೆ ಕಾಗದದಿಂದೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕಾಗದಕ್ಕಿಂತ ಅದನ್ನು ಬರೆಯುವ ಕೆಲಸದಲ್ಲಿದೆ. ಒಬ್ಬರು ಆಳುವ ಸಂಬಂಧದಲ್ಲಿ ಶುರುವಾದ ಮೇಲೆ ಚೌಕಾಸಿ ಕಷ್ಟ. ಆಳಿಸಿಕೊಳ್ಳುವವರು ಮೆಚ್ಚಿಸುವ ಹುಮ್ಮಸ್ಸಿನಲ್ಲಿರುತ್ತಾರೆ, ಆಳುವವರಿಗೆ ತಡೆಯೇ ಕಾಣದು. ಇಬ್ಬರೂ ಸಮಾನರಾಗಿ ಕೂತು ಮಾತಾಡಲು ಇರುವ ಹೊತ್ತು ಅದಕ್ಕೆ ಮುಂಚಿನದು ಮಾತ್ರ. ನಾಚಿಕೆಯಿಂದ ಬಾಯಲ್ಲಿ ಹೇಳಲಾಗದ್ದನ್ನು ಪಟ್ಟಿಯಲ್ಲಿ ಗುರುತು ಹಾಕಬಹುದು. ವಾಂಡಾಳಿಗೆ ಸಿಗದೆ ಹೋದದ್ದು ಈ ಹೊತ್ತು. ಅವಳಿಗೂ ‘ನನಗೆ ಬೇಡವಾದವು’ ಎಂಬ ಪಟ್ಟಿ ಮಾಡುವ ಹಕ್ಕಿದ್ದಿದ್ದರೆ ಆ ಆತ್ಮಕಥೆಯ ಎಷ್ಟೋ ಪುಟಗಳು ಹುಟ್ಟುತ್ತಿರಲಿಲ್ಲ. ಆಳುವವರಿಗೂ ಮಿತಿಗಳಿರುತ್ತವೆ, ಅವನ್ನೂ ಬರೆಯಬೇಕು ಎಂಬ ಅರಿವು ಈ ಚರಿತ್ರೆಯಲ್ಲಿ ಬಹಳ ತಡವಾಗಿ ಬಂತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಬರೆದ ಒಪ್ಪಿಗೆ ಹೆಪ್ಪುಗಟ್ಟುತ್ತದೆ. ನೀನೇ ರುಜು ಹಾಕಿದ್ದೀಯಲ್ಲ ಎಂದು ನಾಳೆ ಅದನ್ನೇ ಮುಖಕ್ಕೆ ಹಿಡಿದು ಬಾಯಿ ಮುಚ್ಚಿಸಬಹುದು. ಈ ಭಯ ಸುಳ್ಳಲ್ಲ. ದಬ್ಬಾಳಿಕೆ ಮಾಡುವವರ ಕೈಗೆ ಇಂಥ ಕಾಗದ ಸಿಕ್ಕರೆ ಅದು ಹತ್ಯಾರವೇ. ಆದರೆ ನ್ಯಾಯಾಲಯಗಳು ಈ ದಾರಿಯನ್ನು ಸಾಕಷ್ಟು ಮುಚ್ಚಿವೆ. ಕೆನಡಾದ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ, ಲೈಂಗಿಕ ಕ್ರಿಯೆ ನಡೆಯುವ ಪ್ರತಿ ಕ್ಷಣವೂ ಒಪ್ಪಿಗೆ ಎಚ್ಚರದ ಸ್ಥಿತಿಯಲ್ಲಿ ಇರಬೇಕು, ಪ್ರಜ್ಞೆ ತಪ್ಪಿದ ಮೇಲಿನ ಸಮಯಕ್ಕೆ ಮುಂಗಡವಾಗಿ ಕೊಟ್ಟ ಒಪ್ಪಿಗೆ ಸಲ್ಲದು ಎಂದಿತು. ಇಂಗ್ಲೆಂಡ್ ಇನ್ನೂ ಮುಂದೆ ಹೋಯಿತು, ನನ್ನ ಮಟ್ಟಿಗೆ ಹೋಗಬಾರದಷ್ಟು ಮುಂದೆ. 1987ರಲ್ಲಿ ಪೊಲೀಸರ ಕೈಗೆ ಒಂದು ವಿಡಿಯೋ ಸಿಕ್ಕು ಆಪರೇಷನ್ ಸ್ಪ್ಯಾನರ್ ಎಂಬ ತನಿಖೆ ನಡೆಯಿತು. ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆದುಕೊಂಡ ಗಂಡಸರು, ದೂರು ಕೊಟ್ಟವರು ಒಬ್ಬರೂ ಇಲ್ಲ. ಆದರೂ 16 ಮಂದಿಗೆ 1990ರಲ್ಲಿ ಶಿಕ್ಷೆಯಾಯಿತು. ಅಲ್ಲಿನ ಅಂದಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ ಮೂವರು–ಇಬ್ಬರ ಬಹುಮತದಿಂದ ಶಿಕ್ಷೆ ಎತ್ತಿಹಿಡಿದು, ದೇಹಕ್ಕೆ ಗಾಯವಾದ ಮೇಲೆ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1997ರಲ್ಲಿ ಅದರಲ್ಲಿ ತಪ್ಪು ಕಾಣಲಿಲ್ಲ. ಅದೇ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1996ರಲ್ಲಿ, ಹೆಂಡತಿ ಬಯಸಿದಂತೆ ಅವಳ ಮೈಮೇಲೆ ಕಾದ ಚಾಕುವಿನಿಂದ ತನ್ನ ಹೆಸರಿನ ಅಕ್ಷರಗಳನ್ನು ಬರೆದ ಗಂಡನ ಶಿಕ್ಷೆ ರದ್ದುಮಾಡಿತು. ದಂಪತಿಗಳ ಮನೆಯೊಳಗಿನ ವಿಷಯದಲ್ಲಿ ಕೈಹಾಕುವುದು ಸರಿಯಲ್ಲವಂತೆ. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಅಲ್ಲಿ ತೂಗಿದ್ದು ಗಾಯವನ್ನಷ್ಟೇ ಅಲ್ಲ, ಗಾಯಗೊಂಡವರು ಯಾರೆಂಬುದನ್ನೂ ಎಂಬ ಅನುಮಾನ ಬಂದರೆ ತಪ್ಪಿಲ್ಲ. ಏನೇ ಆಗಲಿ, ಕರಾರು ಅಪರಾಧದಿಂದ ರಕ್ಷಣೆ ಕೊಡುತ್ತದೆಂದು ನಂಬಿ ಬರೆಯುವವರು ಮೋಸಹೋಗುತ್ತಾರೆ. ಸ್ಪ್ಯಾನರ್ ಪ್ರಕರಣದಲ್ಲಿ ಅವರವರ ದಾಖಲೆಯೇ ಅವರವರ ವಿರುದ್ಧ ಸಾಕ್ಷಿಯಾಯಿತು.

ಜೀತದ ಕಷ್ಟ ಕಂಡ ನಾಡಿನವರಿಗೆ ಈ ಇಡೀ ವಿಷಯವೇ ಅಸಹ್ಯವಾಗಬಹುದು. ಸಾಲಕ್ಕೆ ಹೆಬ್ಬೆಟ್ಟು ಒತ್ತಿ ತಲೆಮಾರುಗಟ್ಟಲೆ ದುಡಿದವರ ಮುಂದೆ, ಹೊಟ್ಟೆ ತುಂಬಿದವರು ದಾಸ್ಯದ ಆಟಕ್ಕೆ ಪತ್ರ ಬರೆದುಕೊಳ್ಳುವುದು ಅಣಕವಲ್ಲವೇ? 1976ರ ಜೀತಪದ್ಧತಿ ರದ್ದತಿ ಕಾಯಿದೆ ತಾನು ರದ್ದುಮಾಡುವ ಪದ್ಧತಿಗಳನ್ನು ಪಟ್ಟಿ ಮಾಡುವಾಗ ‘ಜೀತ’ ಎಂಬ ನಮ್ಮ ಮಾತನ್ನೇ ಸೇರಿಸಿದೆ. ಅಂಥ ಎಲ್ಲ ಕರಾರುಗಳೂ ಅನೂರ್ಜಿತ ಎಂದಿದೆ. ಈ ಆಕ್ಷೇಪದ ಹಿಂದಿನ ನೋವನ್ನು ಒಪ್ಪುತ್ತೇನೆ, ತರ್ಕವನ್ನು ಒಪ್ಪಲಾರೆ. ಜೀತದಾಳಿಗೆ ಬರೆಯುವ ಅಧಿಕಾರವಿರಲಿಲ್ಲ, ವಾಯಿದೆ ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ಬೆಳೆಯುತ್ತಿತ್ತು, ಬಿಟ್ಟು ಹೊರಟರೆ ಹಿಡಿದು ತರಲು ಜನವಿದ್ದರು. ಹಸಿವು ಮತ್ತು ಜಾತಿ ಎರಡೂ ಸೇರಿ ಹೆಬ್ಬೆಟ್ಟು ಒತ್ತಿಸಿದವು. ಹೀಗಾಗಿ ಯಾವುದೇ ಕರಾರನ್ನು ಅಳೆಯಲು ಈ ಮೂರು ಅಳತೆಗಳು ಸಾಕು: ಬರೆದವರು ಯಾರು, ವಾಯಿದೆ ಇದೆಯೇ, ಎದ್ದುಹೋದರೆ ಏನಾಗುತ್ತದೆ. ಒಪ್ಪಿಗೆಯ ಆಟವೆಂದು ಹೇಳಿಕೊಳ್ಳುವ ಸಂಬಂಧವೂ, ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿದ್ದಾಗ, ಈ ಅಳತೆಯಲ್ಲಿ ಸೋಲಬಹುದು. ವಾಂಡಾ ಸೋತದ್ದು ಹಾಗೆಯೇ.

ಭಾರತದಲ್ಲಿ ಇಂಥ ಪತ್ರ ಬರೆದುಕೊಂಡವರ ಸ್ಥಿತಿ ಸರಳವಾಗಿಲ್ಲ. ಫ್ಯಾನಿಯ ಕರಾರಿಗಿಂತ ಮೂರೇ ವರ್ಷ ಚಿಕ್ಕದಾದ 1872ರ ಕರಾರು ಕಾಯಿದೆಯ 23ನೇ ಕಲಮಿನ ಪ್ರಕಾರ, ನ್ಯಾಯಾಲಯ ಅನೈತಿಕವೆಂದು ಕಂಡ ಉದ್ದೇಶದ ಒಪ್ಪಂದ ಅನೂರ್ಜಿತ. ಹಳೆಯ ದಂಡಸಂಹಿತೆಯ 87ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮಾಗಿದೆ. ಹದಿನೆಂಟು ದಾಟಿದವರು ಒಪ್ಪಿ ಪಡೆದ ಪೆಟ್ಟು, ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶದ್ದಲ್ಲದಿದ್ದರೆ, ಅಂಥದ್ದು ಆಗಬಹುದೆಂದು ಗೊತ್ತೂ ಇಲ್ಲದಿದ್ದರೆ, ಅಪರಾಧವಲ್ಲ ಎನ್ನುವ ಆ ಕಲಮು ಕೊಡುವ ಉದಾಹರಣೆ, ಮನರಂಜನೆಗೆ ಕತ್ತಿವರಸೆ ಆಡುವ ಇಬ್ಬರದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಹೈಕೋರ್ಟ್ 2022ರಲ್ಲಿ, ಹೆಂಡತಿಯನ್ನು ಲೈಂಗಿಕ ಗುಲಾಮಳಂತೆ ನಡೆಸಿಕೊಂಡ ಆರೋಪ ಹೊತ್ತ ಗಂಡನ ಮೇಲಿನ ಅತ್ಯಾಚಾರದ ಮೊಕದ್ದಮೆ ರದ್ದುಮಾಡಲು ನಿರಾಕರಿಸಿತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಮದುವೆಯಾದಾಗ ಹೆಂಡತಿ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲಾಗದು ಎಂಬ ಹದಿನೇಳನೆಯ ಶತಮಾನದ ಇಂಗ್ಲಿಷ್ ವಾದವನ್ನು ಹೌಸ್ ಆಫ್ ಲಾರ್ಡ್ಸ್ 1991ರಲ್ಲೇ ಕೈಬಿಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ಹೊಸ ಸಂಹಿತೆಯ, ಅತ್ಯಾಚಾರ ಕುರಿತ 63ನೇ ಕಲಮಿನಲ್ಲಿ, ಹದಿನೆಂಟು ತುಂಬಿದ ಹೆಂಡತಿಯ ಮಟ್ಟಿಗೆ, ಗಂಡನಿಗೆ ಆ ಅಪರಾಧದಿಂದ ಕೊಟ್ಟ ವಿನಾಯಿತಿ ಹಾಗೆಯೇ ಇದೆ.